ವಿದ್ಯುತ್ ಗಿಟಾರಿನ ನಿರ್ಮಾಣ: ತಪ್ಪು ಮತ್ತು ತಿದ್ದುಪಡಿ

1. ಪೀಠಿಕೆ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ವಿದ್ಯುತ್ ಗಿಟಾರಿನ ಪ್ರಸ್ತಾಪವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಶಾಸನ, ನಾಣ್ಯ, ಕಡತಗಳ ನಡುವೆ ಬೆಳೆದ ನಮಗೆ ಬಡಗಿಯ ಮನೆಯಲ್ಲಿ ಏನು ಕೆಲಸವೆಂಬ ಪ್ರಶ್ನೆ ಸಹಜವಾದುದೇ. ಆದರೆ ಮನುಷ್ಯನು ಕೈಯಾರ ಮಾಡಿದ ವಸ್ತುವೂ ಒಂದು ದಾಖಲೆಯೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಮಾಡಿದವನು ಉದ್ದೇಶಪಟ್ಟು ತೋರಿಸಿದ ಗುಣಗಳು ಆ ದಾಖಲೆಯ ಒಂದು ಭಾಗ. ತೋರಿಸಲು ಇಷ್ಟವಿಲ್ಲದೆಯೂ ಉಳಿದುಹೋದ ದೋಷಗಳು ಮತ್ತೊಂದು ಭಾಗ. ಕಂಡರಿಸುವಾಗ ಬಿಟ್ಟುಹೋದ ಅಕ್ಷರವನ್ನು ಕಲ್ಕುಟಿಗನು ಸಾಲಿನ ಕೆಳಗೆ ಚಿಕ್ಕದಾಗಿ ಸೇರಿಸಿರುವುದನ್ನು ಶಾಸನವೊಂದರಲ್ಲಿ ಕಂಡಾಗ, ಅರಸನ ಬಿರುದಾವಳಿಗಿಂತ ಹೆಚ್ಚಾಗಿ ಆ ಒಂದು ಅಕ್ಷರವೇ ನಮ್ಮನ್ನು ಕೆಲಸ ನಡೆದ ಸ್ಥಳಕ್ಕೆ ಕರೆದೊಯ್ಯುತ್ತದೆ.

ಪ್ರಕೃತ ಲೇಖನದಲ್ಲಿ ಬೆಲೆಬಾಳುವ ವಿದ್ಯುತ್ ಗಿಟಾರುಗಳ, ವಿಶೇಷವಾಗಿ ಒಬ್ಬೊಬ್ಬ ವಾದಕನ ಬೇಡಿಕೆಯಂತೆ ಒಂದೊಂದಾಗಿ ಮಾಡುವ ಗಿಟಾರುಗಳ, ನಿರ್ಮಾಣದಲ್ಲಿ ತಪ್ಪುಗಳು ಹೇಗೆ ಹುಟ್ಟುತ್ತವೆ, ಅವುಗಳನ್ನು ಹೇಗೆ ತಿದ್ದುತ್ತಾರೆ, ಆ ತಿದ್ದುಪಡಿಗಳು ಚರಿತ್ರೆಯ ವಿದ್ಯಾರ್ಥಿಗೆ ಏನನ್ನು ತಿಳಿಸುತ್ತವೆ ಎಂಬ ಮೂರು ವಿಷಯಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಈ ವಾದ್ಯಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಅದರ ಮೊದಲ ಮಾದರಿಗಳೂ ಹಕ್ಕುಪತ್ರಗಳೂ ಉಳಿದುಬಂದಿರುವುದರಿಂದ, ತಪ್ಪು ನಡೆದ ಸ್ಥಳವನ್ನೂ ಅದನ್ನು ತಿದ್ದಿದ ವರ್ಷವನ್ನೂ ನಿರ್ದಿಷ್ಟವಾಗಿ ತೋರಿಸುವುದು ಸಾಧ್ಯವಾಗಿದೆ.

2. ವಾದ್ಯದ ರಚನೆ

ಸಾಮಾನ್ಯ ಗಿಟಾರಿನಲ್ಲಿ ಟೊಳ್ಳಾದ ಮರದ ಪೆಟ್ಟಿಗೆಯು ತಂತಿಯ ಕಂಪನವನ್ನು ಪಡೆದು ನಾದವನ್ನು ಹೆಚ್ಚಿಸುತ್ತದೆ. ವಿದ್ಯುತ್ ಗಿಟಾರಿನಲ್ಲಿ ಈ ಕೆಲಸವನ್ನು ಪಿಕಪ್ ಎಂಬ ಸಾಧನವು ಮಾಡುತ್ತದೆ. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಸಿದ್ಧವಾಗುತ್ತದೆ. ಅದರ ಮೇಲುಗಡೆ ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಲಾಸ್ ಏಂಜಲಿಸ್ ನಗರದಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬುವರು ಈ ತತ್ತ್ವದ ಮೇಲೆ ರಚಿಸಿದ ವಾದ್ಯವು 1932ರಲ್ಲಿ ಮಾರಾಟಕ್ಕೆ ಬಂದಿತು. ಅದರ ಹಕ್ಕುಪತ್ರ ದೊರೆತದ್ದು 1937ರಲ್ಲಿ. ಅಲ್ಯೂಮಿನಿಯಂ ಎರಕದ ಅದರ ದುಂಡು ಒಡಲನ್ನು ಕಂಡು ಜನರು ಅದಕ್ಕೆ ಬಾಣಲೆಯೆಂದೇ ಹೆಸರಿಟ್ಟರು. ಲೋಹವು ಕಾವಿಗೆ ಹಿಗ್ಗುವುದರಿಂದ ರಂಗದ ದೀಪಗಳ ಕೆಳಗೆ ಶ್ರುತಿ ನಿಲ್ಲದೆ ಹೋಗುತ್ತಿತ್ತು. ಹೀಗೆ ಈ ವಾದ್ಯದ ಚರಿತ್ರೆಯ ಮೊದಲ ಪುಟದಲ್ಲಿಯೇ ಒಂದು ತಪ್ಪೂ ಸೇರಿಕೊಂಡಿದೆ.

ಒಡಲು ಪೆಟ್ಟಿಗೆಯಂತೆ ನಾದಗೊಡಬೇಕಿಲ್ಲವಾದಮೇಲೆ ಯಾವುದೋ ಒಂದು ಹಲಗೆ ಸಾಲದೆ ಎಂದು ಕೇಳಬಹುದು. ಸಾಲದು. ಇಂದಿನ ಸಾಧಾರಣ ದಪ್ಪದ ಆರು ತಂತಿಗಳು ಶ್ರುತಿಗೊಂಡಾಗ ಒಟ್ಟಿಗೆ ಸುಮಾರು 45 ಕಿಲೋಗ್ರಾಂ ಭಾರದಷ್ಟು ಬಲದಿಂದ ಕತ್ತನ್ನು ಮುಂದಕ್ಕೆ ಬಗ್ಗಿಸಲು ಎಳೆಯುತ್ತಿರುತ್ತವೆ. ಕತ್ತು, ಒಡಲು ಮತ್ತು ತಂತಿಗಳು ಏರಿ ನಿಲ್ಲುವ ಕುದುರೆ ಈ ಮೂರೂ ಒಂದೇ ನೇರದಲ್ಲಿರಬೇಕು. ಕತ್ತು ಒಡಲಿಗೆ ಸೇರುವ ಕೋನ ಕುದುರೆಯ ಎತ್ತರಕ್ಕೆ ಸರಿಹೊಂದಬೇಕು. ವೀಣೆಯ ಮೆಟ್ಟಿಲುಗಳಂತೆ ಬೆರಳ ಪಟ್ಟಿಯ ಮೇಲೆ ಕೂರುವ ಫ್ರೆಟ್ಟುಗಳು ಲೆಕ್ಕದಂತೆ ಬಿದ್ದಿರಬೇಕು. ಆದರೆ ಒಂದು ಭೇದವುಂಟು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ನಿಂತಿರುವುದರಿಂದ ಅವುಗಳನ್ನು ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ಟು ಗರಗಸದಿಂದ ಕೊಯ್ದ ಸೀಳಿನಲ್ಲಿ ಇಳಿಯುತ್ತದೆ. ಸೀಳು ತಪ್ಪಿದರೆ ಮರವೇ ತಪ್ಪಿದಂತೆ.

3. ಎಣಿಕೆಯ ತಪ್ಪು: 1950 ಮತ್ತು 1952ರ ಎರಡು ನಿದರ್ಶನಗಳು

ಕೈ ತಪ್ಪುವ ಮೊದಲು ಎಣಿಕೆ ತಪ್ಪುವುದುಂಟು. ಲಿಯೋ ಫೆಂಡರ್ ಎಂಬಾತನು ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದವನು. ಗಿಟಾರು ನುಡಿಸಲು ಬಾರದವನು. 1950ರಲ್ಲಿ ಆತನು ಎಸ್ಕ್ವೈರ್ ಎಂಬ ಹೆಸರಿನಲ್ಲಿ ಗಟ್ಟಿ ಒಡಲಿನ ಗಿಟಾರನ್ನು ಹೊರತಂದನು. ಅದರ ಕತ್ತು ಒಂದೇ ತುಂಡು ಮೇಪಲ್ ಮರದ್ದು. ಮೇಪಲ್ ಬಹು ಗಟ್ಟಿಯಾದ ಮರ. ಅದಕ್ಕೆ ಬೇರೆ ಆಧಾರ ಬೇಕಿಲ್ಲವೆಂಬುದು ಆತನ ಎಣಿಕೆಯಾಗಿತ್ತು. ಕತ್ತಿನೊಳಗೆ ಉಕ್ಕಿನ ಸಲಾಕೆಯನ್ನಿರಿಸಿ ಅದನ್ನು ಬಿಗಿಮಾಡಿ ಬಾಗುವಿಕೆಯನ್ನು ಎದುರಿಸುವ ಟ್ರಸ್ ರಾಡ್ ಎಂಬ ಉಪಾಯವು ಆಗಲೇ ತಿಳಿದಿದ್ದಿತು. ಗಿಬ್ಸನ್ ಕಾರ್ಖಾನೆಯ ಥಾಡಿಯಸ್ ಮಕ್‌ಹ್ಯೂ ಅದಕ್ಕೆ 1923ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಫೆಂಡರನು ಅದನ್ನು ಬಿಟ್ಟನು. ಕೆಲವೇ ತಿಂಗಳುಗಳಲ್ಲಿ ಕತ್ತುಗಳು ಬಾಗತೊಡಗಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತೆ ಆ ವರ್ಷ ಮುಗಿಯುವುದರೊಳಗಾಗಿ ಸಲಾಕೆಯು ಕತ್ತಿನೊಳಗೆ ಬಂದಿತು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ತಿದ್ದುಪಡಿಯ ರೀತಿ. ಕತ್ತಿನ ಮೇಲೆ ಪ್ರತ್ಯೇಕವಾದ ಬೆರಳ ಪಟ್ಟಿ ಇಲ್ಲದುದರಿಂದ ಸಲಾಕೆಯನ್ನು ಮುಂಭಾಗದಿಂದ ಇಳಿಸುವಂತಿರಲಿಲ್ಲ. ಆದಕಾರಣ ಹಿಂಭಾಗದಿಂದ ಕಾಲುವೆ ತೋಡಿ, ಸಲಾಕೆಯನ್ನಿಟ್ಟು, ಕಪ್ಪುಬಣ್ಣದ ಅಕ್ರೋಟು ಮರದ ಪಟ್ಟಿಯಿಂದ ಮುಚ್ಚಿದರು. ತಿಳಿಬಣ್ಣದ ಮೇಪಲ್ ಮರದ ಮೇಲೆ ಆ ಗೆರೆ ದೂರಕ್ಕೂ ಕಾಣುವಂಥದು. ಅದನ್ನು ಮರೆಮಾಡುವ ಪ್ರಯತ್ನ ನಡೆಯಲಿಲ್ಲ. ಕ್ರಮೇಣ ಆ ಗೆರೆಯೇ ಆ ಕಾರ್ಖಾನೆಯ ಗುರುತಾಯಿತು. ಅಲ್ಲದೆ ಕತ್ತನ್ನು ಒಡಲಿಗೆ ಅಂಟಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದುದರಿಂದ, ಕೆಟ್ಟ ಕತ್ತನ್ನು ಬಿಚ್ಚಿ ಹೊಸದನ್ನು ಹಾಕುವುದು ಸುಲಭವಾಯಿತು. ಕತ್ತಿನ ಬುಡದಲ್ಲಿ, ಬಿಚ್ಚಿದರೆ ಮಾತ್ರ ಕಾಣುವಂತೆ, ಕೆಲಸಗಾರರು ಪೆನ್ಸಿಲಿನಲ್ಲಿ ಬರೆದ ತಾರೀಖುಗಳು ಇಂದು ಕಾಲನಿರ್ಣಯಕ್ಕೆ ಮುಖ್ಯ ಆಧಾರಗಳಾಗಿವೆ.

ಹೆಸರಿನಲ್ಲಿಯೂ ತಪ್ಪೊಂದು ನಡೆಯಿತು. ಎರಡು ಪಿಕಪ್ಪುಗಳ ಮಾದರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟಿದ್ದರು. ಗ್ರೆಚ್ ಎಂಬ ಸಂಸ್ಥೆಯು ಅದೇ ಉಚ್ಚಾರದ ಹೆಸರನ್ನು ತನ್ನ ಡೋಲುಗಳಿಗೆ ಬಳಸುತ್ತಿದ್ದುದರಿಂದ 1951ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಚ್ಚಾಗಿದ್ದ ಚೀಟಿಗಳನ್ನು ಬಿಸಾಡದೆ, ಮಾದರಿಯ ಹೆಸರಿರುವ ಭಾಗವನ್ನು ಮಾತ್ರ ಕತ್ತರಿಸಿ, ಉಳಿದುದನ್ನು ಅಂಟಿಸಿದರು. ಟೆಲಿಕ್ಯಾಸ್ಟರ್ ಎಂಬ ಹೊಸ ಹೆಸರು ಬರುವವರೆಗೆ ಹೊರಬಿದ್ದ ಈ ಹೆಸರಿಲ್ಲದ ಗಿಟಾರುಗಳ ಕಾಲವನ್ನು ಆ ಕತ್ತರಿಸಿದ ಚೀಟಿಯೇ ಹೇಳುತ್ತದೆ.

ಎರಡನೆಯ ನಿದರ್ಶನವು ಮಿಷಿಗನ್ ಪ್ರಾಂತದ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯದು. 1952ರಲ್ಲಿ ಅಲ್ಲಿಂದ ಲೆಸ್ ಪಾಲ್ ಎಂಬ ವಾದಕನ ಹೆಸರಿನ ಗಿಟಾರು ಹೊರಬಂದಿತು. ಅದರ ತಂತಿಗಳನ್ನು ಹಿಡಿಯುವ ಲೋಹದ ಸರಳು ಎತ್ತರವಾಗಿಯೂ ಕತ್ತಿನ ಕೋನ ತೀರ ಕಡಮೆಯಾಗಿಯೂ ಇದ್ದುದರಿಂದ, ತಂತಿಗಳನ್ನು ಸರಳಿನ ಮೇಲೆ ಹಾಯಿಸಿದರೆ ಅವು ಬೆರಳ ಪಟ್ಟಿಯಿಂದ ಬಹು ದೂರ ನಿಲ್ಲುತ್ತಿದ್ದವು. ಬೇರೆ ದಾರಿಯಿಲ್ಲದೆ ತಂತಿಗಳನ್ನು ಸರಳಿನ ಕೆಳಗೆ ಹಾಯಿಸಿದರು. ಆಗ ವಾದಕನಿಗೆ ಅಂಗೈಯನ್ನು ತಂತಿಗಳ ಮೇಲಿರಿಸಿ ನಾದವನ್ನು ತಡೆಯುವುದು ಅಸಾಧ್ಯವಾಯಿತು. ಇಲ್ಲಿ ಕತ್ತನ್ನು ಅಂಟಿಸಿಬಿಟ್ಟಿದ್ದರು; ತಿರುಪು ಬಿಚ್ಚಿ ಸರಿಪಡಿಸುವಂತಿರಲಿಲ್ಲ. 1953ರಲ್ಲಿ ಸರಳಿನ ರೂಪವನ್ನೂ ಕತ್ತಿನ ಕೋನವನ್ನೂ ಬದಲಾಯಿಸಿದರು. ಮೊದಲೇ ಮಾರಾಟವಾಗಿದ್ದವು ಹಾಗೆಯೇ ಉಳಿದವು. ಒಂದು ಕಾರ್ಖಾನೆ ತಪ್ಪಿಗೆ ಎಡೆಯಿಟ್ಟುಕೊಂಡು ವಾದ್ಯವನ್ನು ರಚಿಸಿದ್ದಿತು, ಮತ್ತೊಂದು ಇಟ್ಟುಕೊಂಡಿರಲಿಲ್ಲ ಎಂಬ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

4. ಲೆಕ್ಕದ ತಪ್ಪು

ಫ್ರೆಟ್ಟುಗಳ ಸ್ಥಾನನಿರ್ಣಯಕ್ಕೆ ಸೂತ್ರವುಂಟು. ತಂತಿಯ ಉದ್ದವನ್ನು ಒಂದು ಸಂಖ್ಯೆಯಿಂದ ಭಾಗಿಸಿ ಬಂದಷ್ಟು ದೂರದಲ್ಲಿ ಮೊದಲನೆಯ ಫ್ರೆಟ್ಟು, ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಎರಡನೆಯದು, ಹೀಗೆಯೇ ಮುಂದಕ್ಕೆ. ಗೆಲಿಲಿಯೋವಿನ ತಂದೆ ವಿನ್ಚೆನ್ಜೋ ಗೆಲಿಲಿಯು 1581ರಲ್ಲಿ ಪ್ರಕಟಿಸಿದ ಸಂಗೀತ ಗ್ರಂಥದಲ್ಲಿ 18ಕ್ಕೆ 17ರ ಪ್ರಮಾಣವನ್ನು ಹೇಳಿದನು. ಅಂದರೆ ಭಾಜಕ ಸಂಖ್ಯೆ 18. ನೆನಪಿಗೆ ಸುಲಭವಾದ ಈ ಸಂಖ್ಯೆಯನ್ನು ವಾದ್ಯಕಾರರು ಶತಮಾನಗಳ ಕಾಲ ಬಳಸಿದರು. ಹನ್ನೆರಡು ಸಮಾನ ಭಾಗಗಳ ಸ್ವರಮೇಳಕ್ಕೆ ನಿಜವಾಗಿ ಬೇಕಾದ ಸಂಖ್ಯೆ 17.817.

ಅಂತರ ಅಲ್ಪವೆಂದು ತೋರಬಹುದು. 25.5 ಅಂಗುಲ, ಎಂದರೆ 647.7 ಮಿಲಿಮೀಟರು ಉದ್ದದ ತಂತಿಯಲ್ಲಿ ಮೊದಲನೆಯ ಫ್ರೆಟ್ಟಿಗೆ ಬರುವ ವ್ಯತ್ಯಾಸ 0.37 ಮಿಲಿಮೀಟರು ಮಾತ್ರ. ಆದರೆ ಹನ್ನೆರಡನೆಯ ಫ್ರೆಟ್ಟಿಗೆ ಬರುವಷ್ಟರಲ್ಲಿ ಅದು ಸುಮಾರು 2.4 ಮಿಲಿಮೀಟರು ಆಗುತ್ತದೆ. ತಂತಿಯ ಸರಿ ಅರ್ಧದಲ್ಲಿ ನಿಂತು ಮೇಲಿನ ಷಡ್ಜವನ್ನು ಕೊಡಬೇಕಾದ ಫ್ರೆಟ್ಟು ಅರ್ಧಸ್ವರದ ಎಂಟನೆಯ ಒಂದು ಭಾಗದಷ್ಟು ಕೆಳಗೆ ನುಡಿಯುತ್ತದೆ. ಇಷ್ಟು ಕಾಲ ಇದು ಹೇಗೆ ನಡೆದುಬಂದಿತು? ತಂತಿಯನ್ನು ಬೆರಳಿನಿಂದ ಒತ್ತಿದಾಗ ಬಿಗಿ ಹೆಚ್ಚಿ ಶ್ರುತಿ ತುಸು ಏರುತ್ತದೆ. ಈ ಏರಿಕೆಯು ಆ ಇಳಿಕೆಯನ್ನು ಸ್ವಲ್ಪಮಟ್ಟಿಗೆ ಮುಚ್ಚಿತು. ಎರಡು ದೋಷಗಳು ಒಂದನ್ನೊಂದು ಮರೆಮಾಡಿದುದರಿಂದ ಎರಡೂ ಉಳಿದುಕೊಂಡವು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಬಗೆಯ ಅನುಭವ ಹೊಸದಲ್ಲ.

ತಂತಿಗಳು ಪಟ್ಟಿಗೆ ಬಹು ಹತ್ತಿರವಿರುವ ಇಂದಿನ ವಿದ್ಯುತ್ ಗಿಟಾರಿನಲ್ಲಿ ಒತ್ತುವಿಕೆಯ ಏರಿಕೆ ಕಡಮೆ. ಅದನ್ನು ಸರಿದೂಗಿಸುವ ಕೆಲಸವನ್ನು ಕುದುರೆಗೆ ವಹಿಸುತ್ತಾರೆ. ಲೆಕ್ಕದ ಸ್ಥಾನದಿಂದ ತುಸು ಹಿಂದಕ್ಕೆ, ದಪ್ಪ ತಂತಿಗೆ ಹೆಚ್ಚಾಗಿ, ತೆಳು ತಂತಿಗೆ ಕಡಮೆಯಾಗಿ ಅದನ್ನು ಸರಿಸಬೇಕಾಗುತ್ತದೆ. ಆದ್ದರಿಂದಲೇ ಅನುಭವಿಗಳು ಕತ್ತನ್ನು ಸೇರಿಸಿ, ಅಳತೆಯನ್ನು ಮರಳಿ ನೋಡಿದ ಹೊರತು ಕುದುರೆಯ ರಂಧ್ರಗಳನ್ನು ಕೊರೆಯುವುದಿಲ್ಲ.

5. ಕೈತಪ್ಪು ಮತ್ತು ಅದರ ಪರಿಹಾರ

ಕೆಲಸದ ನಡುವೆ ಒದಗುವ ತಪ್ಪುಗಳನ್ನು ಅವುಗಳ ಪರಿಣಾಮಕ್ಕನುಸಾರವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಶ್ರುತಿಯನ್ನು ಕೆಡಿಸುವವು, ಬಲವನ್ನು ಕುಂದಿಸುವವು, ಅಂದವನ್ನು ಮಾತ್ರ ಕೆಡಿಸುವವು, ಒಪ್ಪಂದವನ್ನು ಮೀರುವವು. ತಪ್ಪು ನಡೆದ ಕೂಡಲೆ ಒಳ್ಳೆಯ ಕೆಲಸಗಾರನು ಮಾಡುವ ಮೊದಲ ಕೆಲಸವೆಂದರೆ ಉಳಿಯನ್ನು ಕೆಳಗಿಡುವುದು. ಗಾಬರಿಯಲ್ಲಿ ಮಾಡಿದ ತಿದ್ದುಪಡಿ ಮೊದಲನೆಯ ತಪ್ಪಿಗಿಂತ ದೊಡ್ಡದಾಗುವುದೇ ಹೆಚ್ಚು.

ಸೀಳು ತಪ್ಪಾದ ಸ್ಥಳದಲ್ಲಿ ಬಿದ್ದಿದ್ದರೆ ಅದೇ ಹಲಗೆಯ ತೆಳುವಾದ ಚಕ್ಕೆಯನ್ನು ಅಂಟು ಹಚ್ಚಿ ತೂರಿಸಿ, ಒಣಗಿದ ಮೇಲೆ ಸಮಮಾಡಿ, ಸರಿಯಾದ ಸ್ಥಳದಲ್ಲಿ ಮತ್ತೆ ಕೊಯ್ಯುತ್ತಾರೆ. ತಿರುಪಿನ ರಂಧ್ರ ತಪ್ಪಿದರೆ ಮರದ ಗೂಟವನ್ನು ಬಡಿದು ಮುಚ್ಚಿ ಮತ್ತೆ ಕೊರೆಯುತ್ತಾರೆ. ಪಿಕಪ್ಪಿನ ಗುಳಿಯನ್ನು ತೋಡುವ ಯಂತ್ರವು ಹಾದಿ ತಪ್ಪಿ ಅಂಚನ್ನು ಕಿತ್ತಿದ್ದರೆ ಆ ಭಾಗವನ್ನು ಚೌಕವಾಗಿ ಕೆತ್ತಿ, ಅದೇ ಮರದ ತುಂಡನ್ನು ಎಳೆಗೆ ಎಳೆ ಹೊಂದುವಂತೆ ಕೂರಿಸುತ್ತಾರೆ. ಈ ಕಾರಣದಿಂದ ವಾದ್ಯವು ಮುಗಿದು ಕೈಬಿಡುವವರೆಗೆ ಅದರ ಒಂದು ಚೂರನ್ನೂ ಬಿಸಾಡುವುದಿಲ್ಲ. ತೇಪೆಗೆ ಹೊಂದುವ ಮರ ಆ ಚೂರುಗಳಲ್ಲಿಯೇ ಇರುತ್ತದೆ.

ಯಾವ ಅಂಟು, ಯಾವ ಮೆರುಗೆಣ್ಣೆ ಎಂಬುದೂ ತಪ್ಪಿನ ಭವಿಷ್ಯವನ್ನು ನಿರ್ಧರಿಸುತ್ತದೆ. ಪ್ರಾಣಿಗಳ ಚರ್ಮದಿಂದ ಕುದಿಸಿ ತೆಗೆದ ಹಳೆಯ ಅಂಟು ಬಿಸಿಗೂ ತೇವಕ್ಕೂ ಸಡಿಲಗೊಳ್ಳುತ್ತದೆ. ತಪ್ಪಾಗಿ ಸೇರಿದ ಕೀಲನ್ನು ಬಿಡಿಸಬಹುದು. ಎಪಾಕ್ಸಿಯಲ್ಲಿ ಆ ಅನುಕೂಲ ಅಷ್ಟಾಗಿ ಇಲ್ಲ. ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಹೊಸ ಲೇಪವು ಹಳೆಯ ಲೇಪವನ್ನು ಕರಗಿಸಿ ಅದರೊಡನೆ ಬೆರೆಯುವುದರಿಂದ ಗೀರನ್ನು ಗುರುತಿಲ್ಲದಂತೆ ತುಂಬಬಹುದು. ಪಾಲಿಯುರಿಥೇನ್ ಲೇಪದಲ್ಲಿ ತೇಪೆಯ ಅಂಚು ಬೇರೆಯಾಗಿಯೇ ನಿಲ್ಲುತ್ತದೆ.

ತಿದ್ದಲಾಗದ ತಪ್ಪುಗಳೂ ಉಂಟು. ಕತ್ತಿನ ಬೆನ್ನನ್ನು ಕೈಗೆ ಹಿತವಾಗುವಂತೆ ತೆಳುವಾಗಿಸುತ್ತ ಹೋಗಿ, ಉಳಿಯು ಒಳಗಿನ ಸಲಾಕೆಯ ಕಾಲುವೆಯನ್ನು ಮುಟ್ಟಿತೆಂದರೆ ಆ ಕತ್ತು ಮುಗಿದಂತೆ. ವಾರಗಟ್ಟಲೆ ಮಾಡಿದ ಕೆಲಸ ಕೊನೆಯ ಅರ್ಧ ಮಿಲಿಮೀಟರಿನಲ್ಲಿ ಹೋಗುತ್ತದೆ. ಸರಿಯಾಗಿ ಒಣಗದ ಮರವನ್ನು ಬಳಸಿದ ತಪ್ಪು ಇನ್ನೂ ಮೋಸದ್ದು. ಅದು ಕೆಲಸದ ದಿನ ಕಾಣಿಸುವುದೇ ಇಲ್ಲ. ವಾದ್ಯವು ಕೈ ಬದಲಾಯಿಸಿ ಒಂದು ಬೇಸಗೆ ಕಳೆದಮೇಲೆ ಪಟ್ಟಿ ಕುಗ್ಗಿ, ಫ್ರೆಟ್ಟುಗಳ ತುದಿಗಳು ಅಂಚಿನಿಂದ ಹೊರಚಾಚಿ ವಾದಕನ ಬೆರಳನ್ನು ಗೀರುತ್ತವೆ.

6. ಬೇಡಿಕೆಯ ವಾದ್ಯ ಮತ್ತು ಹೇಳಬೇಕಾದ ಮಾತು

ಕಾರ್ಖಾನೆಯಲ್ಲಿ ಕೆಟ್ಟ ಕತ್ತೊಂದನ್ನು ಬದಿಗಿಟ್ಟರೆ ಮತ್ತೊಂದು ಸಿದ್ಧವಾಗಿರುತ್ತದೆ. ಒಬ್ಬನಿಗಾಗಿ ಮಾಡುವ ವಾದ್ಯದಲ್ಲಿ ಹಾಗಿಲ್ಲ. 1948ರಲ್ಲಿ ಮರ್ಲ್ ಟ್ರಾವಿಸ್ ಎಂಬ ವಾದಕನು ತನಗೆ ಬೇಕಾದ ಗಿಟಾರಿನ ಚಿತ್ರವನ್ನು ತಾನೇ ಬರೆದುಕೊಟ್ಟು ಪಾಲ್ ಬಿಗ್ಸ್‌ಬಿಯಿಂದ ಅದನ್ನು ಮಾಡಿಸಿಕೊಂಡನು. ಅದು ಈಗ ನ್ಯಾಶ್‌ವಿಲ್ ನಗರದ ಕಂಟ್ರಿ ಸಂಗೀತದ ವಸ್ತುಸಂಗ್ರಹಾಲಯದಲ್ಲಿದೆ. ಅಂದಿನಿಂದ ಬೆಳೆದುಬಂದ ಈ ಪದ್ಧತಿಯಲ್ಲಿ ಗಿರಾಕಿಯು ಮರವನ್ನು ತಾನೇ ಆರಿಸಿ, ಮುಂಗಡ ಕೊಟ್ಟು, ತಿಂಗಳುಗಟ್ಟಲೆ ಕಾಯುತ್ತಾನೆ. ಹೀಗಿರಲು ತಪ್ಪನ್ನು ಅಂದವಾಗಿ ತಿದ್ದಿದರೆ ಸಾಕೆ, ಅಥವಾ ಹೇಳಲೂ ಬೇಕೆ?

ಶ್ರುತಿ, ಬಲಗಳಿಗೆ ಸಂಬಂಧಿಸಿದುದನ್ನು ಹೇಳಲೇಬೇಕೆಂಬುದರಲ್ಲಿ ಸಂದೇಹವಿಲ್ಲ. ಕಣ್ಣಿಗೆ ಕಾಣದ ತೇಪೆಯ ವಿಷಯದಲ್ಲಿ ಅಭಿಪ್ರಾಯಭೇದಕ್ಕೆ ಎಡೆಯುಂಟು. ತುಂಬಿದ ಸೀಳಿನಿಂದ ನಾದಕ್ಕೆ ಕೊರತೆಯಿಲ್ಲವಾದರೆ ಅದನ್ನು ಹೇಳಿ ಗಿರಾಕಿಯ ಮನಸ್ಸನ್ನು ಏಕೆ ಕದಡಬೇಕೆಂದು ಕೇಳಬಹುದು. ನಮ್ಮ ಮತದಲ್ಲಿ ಈ ವಾದ ನಿಲ್ಲುವುದಿಲ್ಲ. ವಾದ್ಯವು ಮೊದಲನೆಯ ಒಡೆಯನೊಡನೆ ಮುಗಿಯುವುದಿಲ್ಲ. ಐವತ್ತು ವರ್ಷಗಳ ಮೇಲೆ ಅದನ್ನು ಬಿಚ್ಚುವ ದುರಸ್ತಿಗಾರನಿಗೆ ಆ ತೇಪೆಯ ಅರಿವಿರಬೇಕು. ಇಲ್ಲವಾದರೆ ಅವನ ಬಿಸಿ ಚಾಕು ಅಲ್ಲಿಯೇ ಮತ್ತೊಂದು ಅನಾಹುತವನ್ನು ಮಾಡುತ್ತದೆ.

ಇದಕ್ಕೆ ವಿರುದ್ಧವಾದ ನಿಲುವಿಗೆ ಒಳ್ಳೆಯ ಉದಾಹರಣೆ ಬ್ರಯನ್ ಮೇ ಅವರ ಗಿಟಾರು. ಇಂಗ್ಲೆಂಡಿನಲ್ಲಿ 1963ರಲ್ಲಿ ಇನ್ನೂ ಶಾಲಾ ವಿದ್ಯಾರ್ಥಿಯಾಗಿದ್ದ ಅವರು ತಂದೆಯೊಡನೆ ಕೂಡಿ ಮನೆಯಲ್ಲಿಯೇ ಅದನ್ನು ಮಾಡತೊಡಗಿದರು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರವನ್ನು ಬಳಸಿದರು. ಅದರಲ್ಲಿ ಹುಳು ಕೊರೆದ ರಂಧ್ರಗಳಿದ್ದವು. ಅವನ್ನು ಬೆಂಕಿಕಡ್ಡಿಗಳಿಂದ ತುಂಬಿದರು. ತಾವೇ ಸುತ್ತಿದ ಪಿಕಪ್ಪುಗಳು ತಂತಿಯನ್ನು ಅಡ್ಡಕ್ಕೆ ಎಳೆದಾಗ ಅಪಸ್ವರಗೊಟ್ಟದ್ದರಿಂದ ಅವನ್ನು ತೆಗೆದು ಅಂಗಡಿಯಿಂದ ಬೇರೆಯವನ್ನು ಕೊಂಡುತಂದು ಹಾಕಿದರು. ಈ ಎಲ್ಲ ವಿಫಲತೆಗಳನ್ನೂ ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕ್ವೀನ್ ತಂಡದಲ್ಲಿ ಅದೇ ಗಿಟಾರು ಅವರ ಜೀವಮಾನದ ವಾದ್ಯವಾಯಿತು; ಬೆಂಕಿಕಡ್ಡಿಗಳ ಸುದ್ದಿಯಿಂದ ಅದರ ಗೌರವ ಕುಂದಲಿಲ್ಲ.

7. ದೋಷವು ಪ್ರಮಾಣವಾದಾಗ

ದೋಷವೇ ಗುಣವೆಂದು ಎಣಿಕೆಯಾದುದೂ ಉಂಟು. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರಿನಲ್ಲಿ ಒಂದು ಪಿಕಪ್ಪಿನ ಆಯಸ್ಕಾಂತ ತಿರುಗುಮುರುಗಾಗಿತ್ತು. ಎರಡು ಪಿಕಪ್ಪುಗಳೂ ಕೂಡಿ ನುಡಿದಾಗ ಬರುತ್ತಿದ್ದ ಸೊರಗಿದ, ಅನುನಾಸಿಕದಂಥ ಧ್ವನಿಯನ್ನು ಬಯಸಿ ಬೇರೆಯವರು ಬೇಕೆಂದೇ ತಮ್ಮ ಆಯಸ್ಕಾಂತವನ್ನು ತಿರುಗಿಸಿಕೊಂಡರು. ಆದರೆ ಇಂಥವು ಅಪವಾದಗಳು. ಎಲ್ಲ ತಪ್ಪುಗಳೂ ವರವಾಗುತ್ತವೆಂದು ಇದರಿಂದ ತೀರ್ಮಾನಿಸಿದರೆ ಅದು ಮತ್ತೊಂದು ತಪ್ಪಾಗುತ್ತದೆ.

1958ರಿಂದ 1960ರವರೆಗಿನ ಲೆಸ್ ಪಾಲ್ ಗಿಟಾರುಗಳಿಗೆ ಇಂದು ಬಹು ದೊಡ್ಡ ಬೆಲೆ ಬರುವುದರಿಂದ ಕೃತಕಗಳೂ ಹುಟ್ಟಿವೆ. ಪರೀಕ್ಷಕರು ನೋಡುವುದು ಹೊಳಪನ್ನಲ್ಲ. ಗುಳಿಯ ತಳದಲ್ಲಿ ಯಂತ್ರ ಬಿಟ್ಟ ಗೀರು, ಅಂಟಿನ ಬಣ್ಣ, ಲೇಪದ ಬಿರುಕು ಇವುಗಳನ್ನು. ಈ ಸಂಗತಿಯನ್ನು ಅರಿತ ಕೃತಕಕಾರನು ಗೀರುಗಳನ್ನೂ ಅನುಕರಿಸುತ್ತಾನೆ. ಕೂಟಶಾಸನಗಳ ಪರಿಶೀಲನೆಯಲ್ಲಿ ಲಿಪಿ, ತೇದಿ, ಭಾಷೆಗಳನ್ನು ಒಂದರೊಡನೊಂದು ಒರೆಹಚ್ಚುವಂತೆ ಇಲ್ಲಿಯೂ ಹಲವು ಸಾಕ್ಷ್ಯಗಳನ್ನು ಕೂಡಿಸಿ ನೋಡಬೇಕಾಗುತ್ತದೆ.

8. ಬೀಟೆ ಮರ

ಈ ವಿಷಯವು ನಮ್ಮ ನಾಡನ್ನೂ ಒಂದೆಡೆ ಮುಟ್ಟುತ್ತದೆ. ಬೆರಳ ಪಟ್ಟಿಗೆ ಮೊದಲು ಬ್ರಜಿಲಿನ ರೋಸ್‌ವುಡ್ ಬಳಕೆಯಲ್ಲಿದ್ದಿತು. 1960ರ ದಶಕದ ಕೊನೆಯಲ್ಲಿ ಅದು ದುರ್ಲಭವಾಗಲು ಅದರ ಸ್ಥಾನಕ್ಕೆ ಬಂದುದು ನಮ್ಮ ಬೀಟೆ. ಮಲೆನಾಡು, ಕೊಡಗು, ವಯನಾಡು, ನೀಲಗಿರಿಗಳಲ್ಲಿ ಬೆಳೆಯುವ, ಮೈಸೂರಿನ ಇನ್‌ಲೇ ಕುಶಲಕರ್ಮಿಗಳಿಗೆ ಚಿರಪರಿಚಿತವಾದ ಈ ಮರವು ಒಂದು ಮನುಷ್ಯಾಯುಷ್ಯದಲ್ಲಿ ಕೂಡ ಪೂರ್ಣವಾಗಿ ಬಲಿಯುವುದಿಲ್ಲ. 2017ರ ಜನವರಿ 2ರಿಂದ ಬೀಟೆಯ ಕುಲವು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಸಿದ್ಧವಾದ ಸಂಗೀತವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಹೀಗಿರುವಲ್ಲಿ ತಪ್ಪಾಗಿ ಕೊಯ್ದ ಪಟ್ಟಿಯೊಂದನ್ನು ಬಿಸಾಡಿ ಹೊಸದನ್ನು ತೆಗೆದುಕೊಳ್ಳುವುದು ಕೇವಲ ಹಣದ ಮಾತಲ್ಲ. ಆ ಸೀಳನ್ನು ತುಂಬಿ, ತುಂಬಿದೆವೆಂದು ಹೇಳುವುದೇ ಮರಕ್ಕೂ ಗಿರಾಕಿಗೂ ತೋರುವ ಮರ್ಯಾದೆ.

9. ಉಪಸಂಹಾರ

ತಪ್ಪಿಗೆ ಮೊದಲೇ ಎಡೆಯಿಟ್ಟು ರಚಿಸುವುದು, ಹಿಂದಿರುಗಲಾಗದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು, ತೇಪೆಗೆ ಚೂರುಗಳನ್ನು ಕಾದಿರಿಸುವುದು, ತಿದ್ದಿದುದನ್ನು ಹೇಳುವುದು: ಈ ನಾಲ್ಕೂ ಮೇಲಿನ ವಿವೇಚನೆಯಿಂದ ಹೊರಡುವ ಸೂತ್ರಗಳು. ಇವು ಬಡಗಿಗೆ ಮಾತ್ರ ಸಂಬಂಧಿಸಿದವೆಂದು ನಾವು ಭಾವಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಪ್ರಕಟಿಸಿದ ಲೇಖನವೊಂದರಲ್ಲಿ ಫಾಲ್ಗುಣ ಮಾಸದ ಒಂದು ಶಾಸನದ ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ತಿರುಗಿಸುವಾಗ 79ನ್ನು ಕೂಡಿಸಬೇಕಾದಲ್ಲಿ 78ನ್ನು ಕೂಡಿಸಿದ್ದೆವು. ಅದನ್ನು ತೋರಿಸಿಕೊಟ್ಟವನು ತರಗತಿಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ವಿದ್ಯಾರ್ಥಿ. ಲೇಖನವು ಮರುಮುದ್ರಣಕ್ಕೆ ಬಂದಾಗ ಒಂದು ಅಂಕಿಯನ್ನು ಸದ್ದಿಲ್ಲದೆ ಬದಲಾಯಿಸಿಬಿಡುವ ಆಸೆ ನಮಗೆ ಹುಟ್ಟಿದ್ದು ಸುಳ್ಳಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೊದಲ ಮುದ್ರಣವನ್ನು ನಂಬಿ ಯಾರಾದರೂ ಮುಂದಕ್ಕೆ ಲೆಕ್ಕ ಹಾಕಿದ್ದರೆ ಅವರಿಗೆ ತಪ್ಪಿನ ಮೂಲ ತಿಳಿಯುವ ಬಗೆ ಹೇಗೆ? ಕಡೆಗೆ ಅದೇ ಪುಟದ ಅಡಿಯಲ್ಲಿ, ಹಳೆಯ ಅಂಕಿ ಇದು, ಸರಿಯಾದ ಅಂಕಿ ಇದು, ತೋರಿಸಿದವರು ನಮ್ಮ ವಿದ್ಯಾರ್ಥಿ ಎಂದು ಅಚ್ಚುಮಾಡಿಸಿದೆವು. ಮೇಪಲ್ ಕತ್ತಿನ ಬೆನ್ನಿನ ಮೇಲಿನ ಕಪ್ಪು ಗೆರೆಯ ಚಿತ್ರವನ್ನು ಕಂಡಾಗಲೆಲ್ಲ ನಮಗೆ ಆ ಅಡಿಬರಹ ನೆನಪಾಗುತ್ತದೆ.